ಹೊಸ ಕಾರಿನ ಮುಂದಿನ ಗಾಜಿನಲ್ಲಿ ರಾಗಿಕಾಳಿನಷ್ಟು ಕಲೆ ಕಂಡರೆ

ಹೊಸ ಕಾರು ಮನೆಗೆ ಬಂದು ಮೂರೋ ನಾಲ್ಕೋ ದಿನವಾದ ಮೇಲೆ, ಸಂಜೆಯ ಓರೆಬಿಸಿಲು ಎದುರಿನಿಂದ ಬೀಳುವ ಹೊತ್ತಿನಲ್ಲಿ, ಅದುವರೆಗೆ ಮನೆಯವರಾರೂ ಗಮನಿಸದಿದ್ದ ಒಂದು ಚುಕ್ಕೆ ಮುಂದಿನ ಗಾಜಿನಲ್ಲಿ ಹೊಳೆಯತೊಡಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಹೋಗುವುದಿಲ್ಲ, ಉಗುರಿನಿಂದ ಕೆರೆದರೂ ಹೋಗುವುದಿಲ್ಲ, ಒಮ್ಮೆ ಕಂಡ ಮೇಲೆ ರಸ್ತೆಗಿಂತ ಮೊದಲು ಅದೇ ಕಣ್ಣಿಗೆ ಬೀಳುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಉಜ್ಜುವುದು. ಗಾಜು ನಿಜವಾಗಿ ಕೆಡುವುದು ಬಹಳಷ್ಟು ಸಲ ಆ ಚುಕ್ಕೆಯಿಂದಲ್ಲ, ಈ ಉಜ್ಜುವಿಕೆಯಿಂದ.

ನಾನು ಇದನ್ನು ಸ್ವಂತ ನಷ್ಟದಿಂದ ಕಲಿತೆ. ನಮ್ಮ ಕಾರಿನ ಗಾಜಿನಲ್ಲಿ, ಚಾಲಕನ ಎದುರಿಗೆ ಸ್ವಲ್ಪ ಎಡಕ್ಕೆ, ರಾಗಿಕಾಳಿನಷ್ಟು ದೊಡ್ಡ ಚುಕ್ಕೆಯೊಂದು ಇತ್ತು. ಮೊದಲ ಉಚಿತ ಸರ್ವೀಸಿಗೆ ಬಿಟ್ಟಾಗ ಅದನ್ನು ತೋರಿಸಿದೆ. ಅಲ್ಲಿನ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಪಾಲಿಶ್ ಯಂತ್ರ ತಂದು ಹತ್ತು ನಿಮಿಷ ಉಜ್ಜಿದ. ಚುಕ್ಕೆ ಇದ್ದಲ್ಲಿಯೇ ಉಳಿಯಿತು, ಏಕೆಂದರೆ ಅದು ಗಾಜಿನ ಮೇಲೆ ಇರಲಿಲ್ಲ, ಎರಡು ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಯಾಗಿತ್ತು. ಆದರೆ ಉಜ್ಜಿದ ಜಾಗದಲ್ಲಿ ಅಂಗೈ ಅಗಲದಷ್ಟು ಗಾಜು ತಗ್ಗಾಗಿ, ಅದರ ಮೂಲಕ ನೋಡಿದರೆ ಎದುರಿನ ವಿದ್ಯುತ್ ಕಂಬ ನೀರಿನೊಳಗೆ ಕಂಡಂತೆ ಅಲುಗಾಡುತ್ತಿತ್ತು. ಚುಕ್ಕೆಯೊಂದಿಗೆ ಹತ್ತು ವರ್ಷ ಓಡಿಸಬಹುದಾಗಿದ್ದ ಗಾಜನ್ನು ಆ ಅಲೆಯ ಕಾರಣದಿಂದ ಬದಲಾಯಿಸಬೇಕಾಯಿತು. ಆದ್ದರಿಂದ ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಒಂದೇ: ಕಲೆ ಯಾವ ಪದರದಲ್ಲಿದೆ ಎಂಬುದು ಖಚಿತವಾಗುವವರೆಗೆ ಗಾಜಿಗೆ ನೀರು ಮತ್ತು ಮೆತ್ತನೆಯ ಬಟ್ಟೆಯ ಹೊರತಾಗಿ ಬೇರೇನನ್ನೂ ಮುಟ್ಟಿಸಬಾರದು.

ಈ ಗಾಜು ಹೇಗೆ ಆಗಿರುತ್ತದೆ

ಕಾರಿನ ಮುಂದಿನ ಗಾಜು ನೋಡಲು ಒಂದಾಗಿದ್ದರೂ ಅದರಲ್ಲಿ ಇರುವುದು ತಲಾ ಸುಮಾರು 2 ಮಿಲಿಮೀಟರ್ ದಪ್ಪದ ಎರಡು ಗಾಜಿನ ಹಾಳೆಗಳು, ಅವುಗಳ ನಡುವೆ ಸಾಮಾನ್ಯವಾಗಿ 0.76 ಮಿಲಿಮೀಟರ್ ದಪ್ಪದ ಪಾಲಿವಿನೈಲ್ ಬ್ಯುಟೈರಲ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಪದರ. ಕಸುಬಿನವರು ಇದನ್ನು ಪಿವಿಬಿ ಎಂದೇ ಕರೆಯುತ್ತಾರೆ. ಕಲ್ಲು ಬಡಿದಾಗ ಗಾಜು ಒಡೆದರೂ ಚೂರುಗಳು ಮುಖಕ್ಕೆ ಹಾರದೆ ಅಂಟಿಕೊಂಡೇ ಇರುವುದು ಈ ನಡುವಿನ ಪದರದಿಂದ. ಪಕ್ಕದ ಕಿಟಕಿಗಳಿಗೆ ಸಾಮಾನ್ಯವಾಗಿ ಬಳಸುವುದು ಬೇರೆ ಬಗೆಯ ಗಾಜು. ಬಿಸಿ ಮಾಡಿ ಒಮ್ಮೆಲೇ ತಣಿಸಿದ ಒಂಟಿ ಹಾಳೆ ಅದು, ಒಡೆದರೆ ಕಲ್ಲುಸಕ್ಕರೆಯ ಚೂರುಗಳಂತೆ ಉದುರುತ್ತದೆ. ಮುಂದಿನ ಗಾಜಿಗೆ ಹೇಳುವ ಉಪಾಯಗಳನ್ನು ಆ ಗಾಜುಗಳಿಗೆ ಹಚ್ಚಬಾರದು, ಹಿಂದಿನ ಗಾಜಿನ ಒಳಮೈಯಲ್ಲಿರುವ ಬಿಸಿಗೆರೆಗಳ ಹತ್ತಿರವಂತೂ ಬ್ಲೇಡು ಒಯ್ಯಲೇಬಾರದು.

ಕಲೆಗಳು ಎಲ್ಲಿ ಹುಟ್ಟುತ್ತವೆ ಎಂಬುದು ತಯಾರಿಕೆಯ ಹಾದಿಯನ್ನು ನೋಡಿದರೆ ತಿಳಿಯುತ್ತದೆ. ಮರಳು, ಸೋಡಾ, ಸುಣ್ಣಕಲ್ಲುಗಳನ್ನು 1500 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕ ಬಿಸಿಯಲ್ಲಿ ಕರಗಿಸಿ, ಆ ಪಾಕವನ್ನು ಕರಗಿದ ತವರದ ಮೇಲೆ ತೇಲಿಸಿ ಹಾಳೆ ಮಾಡುವ ಕ್ರಮವನ್ನು 1950ರ ದಶಕದಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ರೂಪಿಸಿತು. ಇಂದಿಗೂ ಕಾರಿನ ಗಾಜು ಹುಟ್ಟುವುದು ಹೀಗೆಯೇ. ಪಾಕದಿಂದ ಹೊರಹೋಗದೆ ಉಳಿದ ಅನಿಲ ಸೂಜಿಮೊನೆಯಷ್ಟು ಗುಳ್ಳೆಯಾಗುತ್ತದೆ, ಪೂರ್ತಿ ಕರಗದ ಕಣ ಸಣ್ಣ ಹರಳಾಗಿ ಉಳಿಯುತ್ತದೆ. ಇವು ಗಾಜಿನ ಒಡಲೊಳಗಿನ ದೋಷಗಳು. ಮುಂದಿನ ಹಂತದಲ್ಲಿ ಎರಡು ಹಾಳೆಗಳನ್ನು ಒಲೆಯಲ್ಲಿ ಬಾಗಿಸಿ, ನಡುವೆ ಪಿವಿಬಿ ಇರಿಸಿ, ಗಾಳಿಯನ್ನು ಹೀರಿ ತೆಗೆದು, ಸುಮಾರು 140 ಡಿಗ್ರಿ ಬಿಸಿಯಲ್ಲಿ ವಾತಾವರಣಕ್ಕಿಂತ ಹತ್ತು ಹನ್ನೆರಡು ಪಟ್ಟು ಒತ್ತಡ ಕೊಟ್ಟು ಅಂಟಿಸುತ್ತಾರೆ. ಅಲ್ಲಿ ಬಟ್ಟೆಯ ನೂಲೆಳೆಯೊಂದು ಒಳಗೆ ಸೇರಬಹುದು, ಗಾಳಿ ಉಳಿಯಬಹುದು, ಬಾಗಿಸುವಾಗ ಅಂಚಿನ ಹತ್ತಿರ ಸಣ್ಣ ಅಲೆ ಏಳಬಹುದು. ಗಾಜು ಕಾರ್ಖಾನೆ ಬಿಟ್ಟ ಮೇಲೆ ಟ್ರೇಲರ್ ಪ್ರಯಾಣ, ಸ್ಟಾಕ್‌ಯಾರ್ಡಿನ ಬಿಸಿಲು ಧೂಳು, ಕೊನೆಗೆ ಡೆಲಿವರಿಯ ಬೆಳಿಗ್ಗೆ ಬನಿಯನ್ ವೇಸ್ಟಿನಿಂದ ಒಣಗಿದ ಧೂಳನ್ನೇ ಒರೆಸುವ ಅವಸರದ ಕೈ ಇವೆಲ್ಲ ಸೇರುತ್ತವೆ. ನನ್ನ ಅನುಭವದಲ್ಲಿ ಹೊಸ ಕಾರಿನ ಗೀರುಗಳಲ್ಲಿ ಹೆಚ್ಚಿನವು ಆ ಕೊನೆಯ ಬೆಳಿಗ್ಗೆ ಮೂಡಿದವು.

ಎಲ್ಲ ಚುಕ್ಕೆಯೂ ದೋಷವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅಂಚಿನ ಸುತ್ತಲಿನ ಕಪ್ಪು ಪಟ್ಟಿ ಮತ್ತು ಅದರಿಂದ ಒಳಕ್ಕೆ ಕಿರಿದಾಗುತ್ತ ಹೋಗುವ ಕಪ್ಪು ಚುಕ್ಕೆಗಳು ಗಾಜಿಗೆ ಸುಟ್ಟು ಕೂರಿಸಿದ ಬಣ್ಣ. ಅವು ಕೆಳಗಿನ ಅಂಟನ್ನು ಬಿಸಿಲಿನಿಂದ ಕಾಯುತ್ತವೆ. ಪೋಲರಾಯ್ಡ್ ಕನ್ನಡಕ ಹಾಕಿದಾಗ ಪಕ್ಕದ ಮತ್ತು ಹಿಂದಿನ ಗಾಜಿನಲ್ಲಿ ಕಾಣುವ ಕಪ್ಪು ಮಚ್ಚೆಗಳ ಸಾಲು ಅವುಗಳನ್ನು ಒಮ್ಮೆಲೇ ತಣಿಸಿದ್ದರ ಗುರುತು. ಒಳಮೈಯಲ್ಲಿ ಮಂಜಿನಂತೆ ಹಬ್ಬುವ ತೆಳು ಪೊರೆ ಹೊಸ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕು ಬಿಸಿಲಿಗೆ ಬಿಡುವ ಆವಿಯಿಂದ ಆಗುವುದು, ಗ್ಲಾಸ್ ಕ್ಲೀನರ್ ಹಾಕಿ ಎರಡು ಸಲ ಒರೆಸಿದರೆ ಹೋಗುತ್ತದೆ.

ಕಲೆ ಯಾವ ಪದರದಲ್ಲಿದೆ ಎಂದು ತಿಳಿಯುವ ಬಗೆ

ಕಾರನ್ನು ನೆರಳಿಗೆ ತಂದು ಗಾಜು ತಣಿಯಲು ಬಿಡಿ. ಧಾರಾಳವಾಗಿ ನೀರು ಸುರಿದು ಧೂಳನ್ನು ಹರಿಯಗೊಟ್ಟು, ಆಮೇಲೆ ಶಾಂಪೂ ನೀರಿನಲ್ಲಿ ತೊಯ್ದ ಮೈಕ್ರೋಫೈಬರ್ ಬಟ್ಟೆಯಿಂದ ಭಾರ ಹಾಕದೆ ತೊಳೆದು ಒಣಗಿಸಿ. ಒಳಗಿನ ಮೈಯನ್ನೂ ಒರೆಸಿ. ಈಗ ಬೆರಳ ತುದಿಯಿಂದ ಕಲೆಯ ಮೇಲೆ ಹೊರಗಿನಿಂದ ಸವರಿ, ಉಗುರನ್ನು ಅಡ್ಡಡ್ಡ ಎಳೆದು ನೋಡಿ. ಅದೇ ಕೆಲಸವನ್ನು ಒಳಗಿನಿಂದಲೂ ಮಾಡಿ. ಉಬ್ಬು ಸಿಕ್ಕಿದರೆ ಮೇಲೆ ಏನೋ ಅಂಟಿದೆ. ಉಗುರು ತಗ್ಗಿಗೆ ಸಿಕ್ಕಿದರೆ ಗೀರು ಅಥವಾ ಕಲ್ಲೇಟು. ಎರಡೂ ಕಡೆ ನುಣ್ಣಗಿದ್ದು ಕಲೆ ಮಾತ್ರ ಕಾಣುತ್ತಿದ್ದರೆ ಅದು ಒಳಗಿರುವ ಸಾಧ್ಯತೆಯೇ ಹೆಚ್ಚು, ಆದರೂ ಉಗುರಿಗೆ ತಿಳಿಯದಷ್ಟು ತೆಳುವಾದ ನೀರಿನ ಕಲೆಯೂ ಹೀಗೆಯೇ ನುಣ್ಣಗಿರುವುದರಿಂದ ಇನ್ನೊಂದು ಪರೀಕ್ಷೆ ಬೇಕು.

ಅಂಟುಟೇಪಿನ ಸಣ್ಣ ಚೂರೊಂದನ್ನು ಚೂಪು ಮೂಲೆ ಬರುವಂತೆ ಕತ್ತರಿಸಿ, ಹೊರಗಿನಿಂದ ನೇರವಾಗಿ ನೋಡುತ್ತ, ಆ ಮೂಲೆಯ ತುದಿ ಕಲೆಯನ್ನು ಸರಿಯಾಗಿ ಮುಟ್ಟುವಂತೆ ಗಾಜಿನ ಹೊರಮೈಗೆ ಹಚ್ಚಿ. ಆಮೇಲೆ ಒಂದು ಕಣ್ಣು ಮುಚ್ಚಿ ತಲೆಯನ್ನು ಎಡಬಲಕ್ಕೆ ನಿಧಾನವಾಗಿ ಸರಿಸಿ. ಕಲೆಯೂ ಟೇಪಿನ ತುದಿಯೂ ಒಂದಕ್ಕೊಂದು ಅಂಟಿದಂತೆಯೇ ಇದ್ದರೆ ಕಲೆ ಹೊರಮೈಯಲ್ಲಿದೆ. ಅವು ಒಂದರಿಂದ ಒಂದು ಜಾರುವಂತೆ ಕಂಡರೆ ಕಲೆ ಆಳದಲ್ಲಿದೆ. ಇದನ್ನೇ ಕಾರಿನ ಒಳಗೆ ಕೂತು ಒಳಮೈಗೆ ಟೇಪು ಹಚ್ಚಿ ಮಾಡಿರಿ. ಎರಡೂ ಕಡೆಯ ಪರೀಕ್ಷೆಯಲ್ಲಿ ಜಾರಿದರೆ ಕಲೆ ಗಾಜಿನ ಒಡಲಲ್ಲೋ ನಡುವಿನ ಪದರದಲ್ಲೋ ಇದೆ ಎಂದು ನಿಶ್ಚಯಿಸಬಹುದು, ಮತ್ತು ಅದನ್ನು ಹೊರಗಿನಿಂದ ಯಾವ ಪುಡಿ, ಯಾವ ದ್ರಾವಣ, ಯಾವ ಯಂತ್ರದಿಂದಲೂ ತೆಗೆಯಲು ಬರುವುದಿಲ್ಲ. ಒಟ್ಟು ಐದು ಮಿಲಿಮೀಟರ್ ದಪ್ಪದಲ್ಲಿ ಈ ಜಾರುವಿಕೆ ಬಹಳ ಸಣ್ಣದಾದ್ದರಿಂದ ಅವಸರ ಮಾಡದೆ ಎರಡು ಮೂರು ಸಲ ನೋಡಿರಿ.

ಇನ್ನು ಕಲೆಯ ಸ್ವಭಾವ ತಿಳಿಯಲು ರಾತ್ರಿ ಒಳಗಿನಿಂದ ಕಪ್ಪು ಬಟ್ಟೆ ಹಿಡಿಸಿ, ಮೊಬೈಲ್ ದೀಪವನ್ನು ಗಾಜಿಗೆ ಬಹುತೇಕ ಸಮಾನಾಂತರವಾಗಿ ಓರೆಯಾಗಿ ಬೀರಿ. ಗಾಳಿಯ ಗುಳ್ಳೆ ದುಂಡಗೆ, ಅಂಚು ಬೆಳಗಿದಂತೆ ಹೊಳೆಯುತ್ತದೆ. ನೂಲೆಳೆ ಬಾಗಿದ ಗೆರೆಯಂತೆ ಕಾಣುತ್ತದೆ. ಕಲ್ಲೇಟಿನ ತಗ್ಗಿನಿಂದ ಸಣ್ಣ ಕಾಲುಗಳು ಹೊರಟಿರುತ್ತವೆ. ವೈಪರಿನ ಗೀರುಗಳು ಬಿಲ್ಲಿನಂತೆ ಒಂದೇ ದಿಕ್ಕಿಗೆ ಬಾಗಿರುತ್ತವೆ. ಬಟ್ಟೆಯಿಂದ ಒರೆಸಿದ ಗೀರುಗಳು ಸುತ್ತುಸುತ್ತಾಗಿ ಜೇಡರಬಲೆಯಂತಿರುತ್ತವೆ. ಅಲೆಯ ದೋಷವನ್ನು ಮಾತ್ರ ಹಗಲಿನಲ್ಲಿಯೇ ನೋಡಬೇಕು: ಚಾಲಕನ ಸೀಟಿನಲ್ಲಿ ಕೂತು ದೂರದ ಕಟ್ಟಡದ ನೇರ ಅಂಚನ್ನೋ ವಿದ್ಯುತ್ ತಂತಿಯನ್ನೋ ನೋಡುತ್ತ ತಲೆಯನ್ನು ಮೇಲೆ ಕೆಳಗೆ ಸರಿಸಿದಾಗ ಆ ಗೆರೆ ಮುರಿದಂತೆ, ಬಳುಕಿದಂತೆ ಕಂಡರೆ ಅಲೆ ಇದೆ. ಅಂಚಿನ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಬಾಗಿದ ಗಾಜಿನಲ್ಲಿ ಇದು ಸಹಜ. ನೇರ ಎದುರಿಗಿದ್ದರೆ ಒಪ್ಪಬೇಡಿ, ಏಕೆಂದರೆ ಚುಕ್ಕೆಗೆ ಕಣ್ಣು ಹೊಂದಿಕೊಂಡೀತು, ಅಲೆಗೆ ಹೊಂದಿಕೊಳ್ಳಲು ಹೋಗಿ ತಲೆನೋವು ಬರುತ್ತದೆ.

ಎಲ್ಲಿದೆ ಎಂಬುದು ಎಷ್ಟು ದೊಡ್ಡದು ಎಂಬುದಕ್ಕಿಂತ ಮುಖ್ಯ. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ ಸ್ಟೀರಿಂಗ್ ಚಕ್ರದ ಮಧ್ಯಕ್ಕೆ ನೇರವಾಗಿ 290 ಮಿಲಿಮೀಟರ್ ಅಗಲದ ಪಟ್ಟಿಯೊಂದನ್ನು ಲೆಕ್ಕಕ್ಕೆ ಹಿಡಿದು, ವೈಪರ್ ಒರೆಸುವ ಜಾಗದೊಳಗೆ ಆ ಪಟ್ಟಿಯಲ್ಲಿ 10 ಮಿಲಿಮೀಟರಿಗಿಂತ, ಉಳಿದ ಕಡೆ 40 ಮಿಲಿಮೀಟರಿಗಿಂತ ದೊಡ್ಡ ಹಾನಿಯನ್ನು ಒಪ್ಪುವುದಿಲ್ಲ. ನಮ್ಮ ರಸ್ತೆಗೆ ಆ ನಿಯಮ ಅನ್ವಯಿಸದಿದ್ದರೂ ಮನೆಯಲ್ಲಿ ಅಳೆದುಕೊಳ್ಳಲು ಆ ಪಟ್ಟಿ ಒಳ್ಳೆಯ ಅಳತೆಗೋಲು. ಶಾಲಾ ಮಕ್ಕಳ 30 ಸೆಂಟಿಮೀಟರ್ ಸ್ಕೇಲನ್ನು ಸ್ಟೀರಿಂಗಿನ ಮಧ್ಯಕ್ಕೆ ಸರಿಯಾಗಿ ಗಾಜಿಗೆ ಅಡ್ಡ ಹಿಡಿದರೆ ಹೆಚ್ಚುಕಡಿಮೆ ಆ ಪಟ್ಟಿ ಸಿಕ್ಕಂತಾಯಿತು. ಅದರೊಳಗಿನ ಸಾಸಿವೆಕಾಳಿನಷ್ಟು ಕಲೆಯನ್ನೂ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಅದರಾಚೆಯ ಗಸಗಸೆಯಷ್ಟು ಗುಳ್ಳೆಯನ್ನು ಮರೆಯಲು ಪ್ರಯತ್ನಿಸುತ್ತೇನೆ. ಹಿಂಬದಿ ನೋಡುವ ಕನ್ನಡಿಯ ಹಿಂದೆ ಕ್ಯಾಮೆರಾ ಇರುವ ಕಾರುಗಳಲ್ಲಿ ಆ ಕ್ಯಾಮೆರಾದ ಕಣ್ಣೆದುರಿನ ಜಾಗವೂ ಚಾಲಕನ ಎದುರಿನ ಜಾಗದಷ್ಟೇ ಮುಖ್ಯ.

ಮೇಲೆ ಅಂಟಿದ ಕಲೆಗಳು

ಇವೇ ಹೆಚ್ಚು, ಮತ್ತು ಇವು ಮನೆಯಲ್ಲೇ ಹೋಗುತ್ತವೆ. ಸ್ಟಿಕ್ಕರಿನ ಅಂಟು, ರಸ್ತೆಯ ಡಾಂಬರಿನ ಹನಿ, ಮರದ ಸೊನೆ, ಪಕ್ಕದಲ್ಲಿ ಗೇಟಿಗೆ ಬಣ್ಣ ಹೊಡೆದಾಗ ಹಾರಿ ಬಂದ ತುಂತುರು ಇವುಗಳಿಗೆ ಬಟ್ಟೆಯ ಮೂಲೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಂದು ನಿಮಿಷ ಕಲೆಯ ಮೇಲೆ ಇಟ್ಟು, ಮೆತ್ತಗಾದ ಮೇಲೆ ಒರೆಸಿದರೆ ಬಹುಪಾಲು ಸಾಕು. ಬಗ್ಗದಿದ್ದರೆ ಕಾರಿನ ಸಾಮಾನು ಅಂಗಡಿಯಲ್ಲಿ ಸಿಗುವ ಕ್ಲೇ ಬಾರನ್ನು (ಅಂಟಿದ ಕಣಗಳನ್ನು ಎತ್ತುವ, ಜೇಡಿಮಣ್ಣಿನಂಥ ಮೆತ್ತನೆಯ ಉಂಡೆ) ಸಾಬೂನು ನೀರಿನಿಂದ ಜಾರುವಂತೆ ಮಾಡಿದ ಗಾಜಿನ ಮೇಲೆ ಸರಿಸಿ. ಅದೂ ಆಗದಿದ್ದರೆ ಹೊಸ ಬ್ಲೇಡನ್ನು ಹಿಡಿಕೆಗೆ ಹಾಕಿ, ಗಾಜನ್ನು ಚೆನ್ನಾಗಿ ತೋಯಿಸಿ, ಬ್ಲೇಡನ್ನು ಬಹುತೇಕ ಮಲಗಿಸಿದಂತೆ ಹಿಡಿದು ಒಂದೇ ದಿಕ್ಕಿಗೆ ತಳ್ಳಿ; ಹಿಂದಕ್ಕೆ ಎಳೆದರೆ ಕಿತ್ತುಬಂದ ಕಣವೇ ಗೀರು ಹಾಕುತ್ತದೆ. ದ್ರಾವಣ ಬಣ್ಣದ ಮೇಲೂ ರಬ್ಬರ್ ಬೀಡಿಂಗಿನ ಮೇಲೂ ಹರಿಯದಂತೆ ನೋಡಿಕೊಳ್ಳಿ.

ನೀರಿನ ಕಲೆಗೆ ಬೇರೆ ಉಪಾಯ ಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ, ಬೆಂಗಳೂರಿನ ಹಲವು ಬಡಾವಣೆಗಳ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಕಾರು ತೊಳೆದು ಬಿಸಿಲಿನಲ್ಲಿ ಒಣಗಲು ಬಿಟ್ಟರೆ ಹನಿಯೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿಯ ಬಳೆಯಂತೆ ಉಳಿಯುತ್ತವೆ. ಬಿಳಿ ವಿನೆಗರ್ ಮತ್ತು ನೀರನ್ನು ಸಮ ಪಾಲಿನಲ್ಲಿ ಬೆರೆಸಿ ಬಟ್ಟೆ ತೋಯಿಸಿ, ನೆರಳಿನಲ್ಲಿ ಕಲೆಯ ಮೇಲೆ ಐದಾರು ನಿಮಿಷ ಹೊದೆಸಿಟ್ಟು ತೊಳೆಯಿರಿ. ಬೇಕಾದರೆ ಮತ್ತೆರಡು ಸಲ ಮಾಡಿರಿ. ತಿಂಗಳುಗಟ್ಟಲೆ ಬಿಟ್ಟ ಕಲೆ ಗಾಜಿನ ಮೈಯನ್ನೇ ತಿಂದಿರುತ್ತದೆ, ಆಗ ವಿನೆಗರಿಗೆ ಹೋಗದು. ತಕ್ಷಣ ಕಲೆ ತೆಗೆಯುತ್ತದೆ ಎಂದು ಹೇಳಿ ಮಾರುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಅವು ಗಾಜನ್ನು ಕರಗಿಸುವ ವಸ್ತುಗಳು, ಚರ್ಮಕ್ಕೂ ಉಸಿರಿಗೂ ಅಪಾಯಕಾರಿ. ಬಾಟಲಿಯ ಮೇಲಿನ ಬರಹವನ್ನು ಓದದೆ ಯಾವುದನ್ನೂ ತರಬೇಡಿ.

ಹೊಸ ಗಾಡಿಯ ಪೂಜೆಯ ಬಗ್ಗೆಯೂ ಒಂದು ಮಾತು. ಅರಿಸಿನ, ಕುಂಕುಮ, ವಿಭೂತಿಗಳನ್ನು ಗಾಜಿಗೆ ಹಚ್ಚುವುದರಲ್ಲಿ ತೊಂದರೆಯಿಲ್ಲ, ಮರುದಿನ ಅವನ್ನು ಒಣಬಟ್ಟೆಯಿಂದ ಉಜ್ಜಿ ತೆಗೆಯುವುದರಲ್ಲಿ ಇದೆ. ಅಷ್ಟರಲ್ಲಿ ಅವುಗಳ ಮೇಲೆ ರಸ್ತೆಯ ಧೂಳು ಕೂತಿರುತ್ತದೆ. ಗಾಜಿನ ಗಡಸುತನ ಮೋಸ್ ಅಳತೆಯಲ್ಲಿ ಸುಮಾರು 5.5, ಧೂಳಿನಲ್ಲಿರುವ ಬೆಣಚುಕಲ್ಲಿನ ಕಣದ್ದು 7. ಬಟ್ಟೆ ಎಷ್ಟೇ ಮೆತ್ತಗಿದ್ದರೂ ಅದರಡಿ ಸಿಕ್ಕ ಕಣ ಗಾಜನ್ನು ಗೀರಿಯೇ ಗೀರುತ್ತದೆ. ನೀರು ಸುರಿದು ಕರಗಿಸಿ ಹರಿಯಗೊಡಿ. ಆಯುಧಪೂಜೆಗೆ ಬಾಳೆಕಂಬ ಕಟ್ಟಿದ್ದರೆ ಅದರ ಸೊನೆಯನ್ನು ಅಂದೇ ತೊಳೆಯಿರಿ.

ಗೀರುಗಳು

ಉಗುರಿಗೆ ತಗಲದ ಕೂದಲೆಳೆಯ ಗೀರು ಹಗಲಿನಲ್ಲಿ ತೊಂದರೆ ಕೊಡುವುದಿಲ್ಲ, ರಾತ್ರಿ ಎದುರು ಲಾರಿಯ ದೀಪ ಬಿದ್ದಾಗ ನಕ್ಷತ್ರದಂತೆ ಸಿಡಿಯುತ್ತದೆ. ಆದ್ದರಿಂದ ಅದನ್ನು ರಾತ್ರಿ ಓಡಿಸಿ ನೋಡಿಯೇ ತೀರ್ಮಾನಿಸಬೇಕು. ಇಂಥ ಗೀರನ್ನು ಸೀರಿಯಂ ಆಕ್ಸೈಡ್ ಪುಡಿಯ ಲೇಪ ಮತ್ತು ಉಣ್ಣೆಯ ಚಕ್ರದಿಂದ ಕಡಿಮೆ ಮಾಡಬಹುದು, ಆದರೆ ಈ ಕೆಲಸವೆಂದರೆ ಗೀರನ್ನು ತುಂಬುವುದಲ್ಲ, ಸುತ್ತಲಿನ ಗಾಜನ್ನು ಗೀರಿನ ಮಟ್ಟಕ್ಕೆ ಸವೆಸುವುದು. ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ನಿಂತರೆ ತಗ್ಗು ಬಿದ್ದು ಮಸೂರದಂತಾಗುತ್ತದೆ, ಗಾಜು ಬಿಸಿಯಾಗಿ ಬಿರುಕೂ ಬಿಡಬಹುದು. ಚಾಲಕನ ಎದುರಿನ ಪಟ್ಟಿಯಲ್ಲಿ ಮತ್ತು ಕ್ಯಾಮೆರಾದ ಎದುರು ಇದನ್ನು ಮಾಡಿಸಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬೇರೆ ಕಡೆಯಾದರೆ, ಗಾಜಿನ ಕೆಲಸವನ್ನೇ ಕಸುಬಾಗಿ ಮಾಡುವವರಿಂದ, ಲೇಪವನ್ನು ಒದ್ದೆಯಾಗಿಟ್ಟುಕೊಂಡು, ವಿಶಾಲವಾದ ಜಾಗಕ್ಕೆ ಹರಡಿ ಮಾಡಿಸಬಹುದು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಿಗೆ ಪಾಲಿಶ್ ಪರಿಹಾರವಲ್ಲ. ಹಲ್ಲುಜ್ಜುವ ಪೇಸ್ಟು, ಅಡುಗೆಸೋಡಾ, ಪಾತ್ರೆ ಉಜ್ಜುವ ನಾರು ಇವುಗಳ ವಿಷಯವನ್ನು ಕೇಳಿಸಿಕೊಂಡರೂ ಅನುಸರಿಸಬೇಡಿ.

ಕಲ್ಲೇಟಿನ ಚುಕ್ಕೆ

ಜೆಲ್ಲಿ ಕಲ್ಲಿನ ಲಾರಿಯ ಹಿಂದೆ ಹೋದ ಕಾರಿಗೆ, ಹೊಸದೋ ಹಳೆಯದೋ ಎಂಬ ಭೇದವಿಲ್ಲದೆ ಈ ಚುಕ್ಕೆ ಬೀಳುತ್ತದೆ. ಶೋರೂಮಿಗೆ ಬರುವ ದಾರಿಯಲ್ಲೇ ಬಿದ್ದಿರಲೂಬಹುದು. ಇಲ್ಲಿ ಮಾತ್ರ ಅವಸರ ಮಾಡಬೇಕು. ತಗ್ಗಿನೊಳಗೆ ನೀರು ಮತ್ತು ಧೂಳು ಸೇರುವ ಮೊದಲು ಅದರ ಮೇಲೆ ಪಾರದರ್ಶಕ ಟೇಪು ಹಚ್ಚಿ, ಕಾರು ತೊಳೆಯುವುದನ್ನು ನಿಲ್ಲಿಸಿ, ಬಿಸಿಲಿನಲ್ಲಿ ಕಾದ ಗಾಜಿಗೆ ಏಸಿಯ ಗಾಳಿಯನ್ನು ನೇರವಾಗಿ ಬಿಡಬೇಡಿ, ತಣ್ಣೀರೂ ಎರಚಬೇಡಿ. ಬಿಸಿ ಮತ್ತು ತಂಪಿನ ಎಳೆದಾಟದಲ್ಲಿ, ರಸ್ತೆಯ ಉಬ್ಬುಗಳ ಕುಲುಕಾಟದಲ್ಲಿ ಸಾಸಿವೆಯಷ್ಟು ತಗ್ಗಿನಿಂದ ಒಂದೇ ರಾತ್ರಿಯಲ್ಲಿ ಮೊಳದುದ್ದದ ಬಿರುಕು ಹರಿಯಬಹುದು.

ಹೊರಗಿನ ಹಾಳೆಗೆ ಮಾತ್ರ ಪೆಟ್ಟಾಗಿದ್ದು, ರೂಪಾಯಿ ನಾಣ್ಯದೊಳಗೆ ಅಡಗುವಷ್ಟಿದ್ದರೆ ರಾಳ ತುಂಬಿಸುವ ದುರಸ್ತಿ ಸಾಧ್ಯ. ತಗ್ಗಿನ ಮೇಲೆ ಸಣ್ಣ ಉಪಕರಣ ಕೂರಿಸಿ, ಒಳಗಿನ ಗಾಳಿಯನ್ನು ಹೀರಿ, ಆ ಜಾಗಕ್ಕೆ ತೆಳುವಾದ ರಾಳವನ್ನು ಒತ್ತಿ, ಅತಿನೇರಳೆ ದೀಪದಿಂದ ಗಟ್ಟಿಗೊಳಿಸುತ್ತಾರೆ. ರಾಳ ಬಿರುಕಿನ ಕಾಲುಗಳನ್ನು ಕಟ್ಟಿಹಾಕಿ ಗಾಜನ್ನು ಉಳಿಸುತ್ತದೆ. ಚುಕ್ಕೆ ಪೂರ್ತಿ ಮಾಯವಾಗುವುದಿಲ್ಲ, ಮಸುಕಾದ ಗುರುತು ಉಳಿದೇ ಉಳಿಯುತ್ತದೆ. ಇದನ್ನು ಮೊದಲೇ ತಿಳಿದು ಹೋಗಬೇಕು. ಮನೆಯಲ್ಲಿ ಮಾಡುವ ಕಿಟ್ಟುಗಳೂ ಸಿಗುತ್ತವೆ, ಆದರೆ ಒಮ್ಮೆ ಗಟ್ಟಿಯಾದ ರಾಳವನ್ನು ತೆಗೆದು ಮತ್ತೆ ತುಂಬಲು ಬರುವುದಿಲ್ಲವಾದ್ದರಿಂದ ಮೊದಲ ಪ್ರಯತ್ನ ಪಳಗಿದ ಕೈಯದ್ದಾಗಿರಲಿ. ಒಳಗಿನ ಹಾಳೆಗೂ ಪೆಟ್ಟಾಗಿದ್ದರೆ ಅಥವಾ ಬಿರುಕು ಅಂಚನ್ನು ಮುಟ್ಟಿದ್ದರೆ ದುರಸ್ತಿಯ ಮಾತು ಮುಗಿಯಿತು.

ಒಳಗಿನ ಗುಳ್ಳೆ, ನೂಲು, ಬಿಳಿಚಿದ ಅಂಚು

ಇವು ತಯಾರಿಕೆಯ ದೋಷಗಳು, ಆದ್ದರಿಂದ ಇಲ್ಲಿ ಉಜ್ಜುವವರ ಬಳಿಗಲ್ಲ, ಮಾರಿದವರ ಬಳಿಗೆ ಹೋಗಬೇಕು. ಅತ್ಯುತ್ತಮ ಕಾಲವೆಂದರೆ ನೋಂದಣಿಗೂ ಪೂರ್ತಿ ಹಣ ಕೊಡುವುದಕ್ಕೂ ಮೊದಲು, ಕಾರು ಸ್ಟಾಕ್‌ಯಾರ್ಡಿನಲ್ಲಿರುವಾಗ. ಹಗಲು ಹೊತ್ತಿನಲ್ಲಿ ಹೋಗಿ, ತೊಳೆಸಿ, ಮೇಲೆ ಹೇಳಿದಂತೆ ನೋಡಿ. ಗಾಜಿನ ಕೆಳಮೂಲೆಯ ಮುದ್ರೆಯನ್ನೂ ಓದಿ: ತಯಾರಕರ ಹೆಸರು (ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಅಸಾಹಿ ಇಂಡಿಯಾ ಅಥವಾ ಸೇಂಟ್ ಗೋಬೈನ್ ಸೆಕ್ಯುರಿಟ್), ಐಎಸ್‌ಐ ಗುರುತು, ಪದರಗಾಜು ಎಂಬ ಸೂಚನೆ, ತಯಾರಾದ ಕಾಲವನ್ನು ಹೇಳುವ ಅಂಕಿ ಮತ್ತು ಚುಕ್ಕೆಗಳು ಅಲ್ಲಿರುತ್ತವೆ. ಚುಕ್ಕೆಗಳ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ, ಆದರೂ ಬೇರೆ ಗಾಜುಗಳ ಮುದ್ರೆಯೊಡನೆ ಹೋಲಿಸಿದರೆ ಒಂದು ಅಂದಾಜು ಸಿಗುತ್ತದೆ. ಮುಂದಿನ ಗಾಜು ಕಾರಿಗಿಂತ ಈಚಿನದೆಂದು ಕಂಡರೆ, ಅಂದರೆ ಮಾರಾಟ ಪ್ರಮಾಣಪತ್ರದಲ್ಲಿ ಬರೆದ ತಯಾರಿಕೆಯ ತಿಂಗಳಿನ ನಂತರದ್ದಾದರೆ, ಅದನ್ನು ಕಾರ್ಖಾನೆಯ ಆಚೆ ಎಲ್ಲೋ ಬದಲಾಯಿಸಿದ್ದಾರೆ ಎಂದೇ ಅರ್ಥ; ಕಾರಣ ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ಎಚ್ಚರಿಕೆ. ಹೊಸ ಕಾರಿಗೆ ಫಾಸ್ಟ್ಯಾಗ್ ಅನ್ನು ಡೀಲರರೇ ಹಚ್ಚಿ ಕೊಡುತ್ತಾರೆ, ನೋಂದಣಿ ವಿವರದ ಬಣ್ಣದ ಸ್ಟಿಕ್ಕರೂ ಒಳಗಿನಿಂದ ಅದೇ ಗಾಜಿಗೆ ಬರುತ್ತದೆ. ಎರಡೂ ಕಿತ್ತರೆ ಹಾಳಾಗುವಂತೆಯೇ ಮಾಡಿದವು. ಗಾಜನ್ನು ಪೂರ್ತಿ ನೋಡಿ ಒಪ್ಪುವವರೆಗೆ ಅವುಗಳನ್ನು ಹಚ್ಚಬಾರದೆಂದು ಮೊದಲೇ ಹೇಳಿರಿ.

ಕಾರು ಮನೆಗೆ ಬಂದ ಮೇಲೆ ದೋಷ ಕಂಡರೆ ಅಂದೇ ಚಿತ್ರ ತೆಗೆಯಿರಿ. ಪಕ್ಕದಲ್ಲಿ ಸ್ಕೇಲು ಅಥವಾ ನಾಣ್ಯವಿಟ್ಟು ಹತ್ತಿರದಿಂದ ಒಂದು, ಚಾಲಕನ ಸೀಟಿನಿಂದ ಒಂದು, ಗಾಜಿನ ಮುದ್ರೆಯದೊಂದು, ಓಡಿದ ಕಿಲೋಮೀಟರ್ ಕಾಣುವಂತೆ ಒಂದು. ಅವನ್ನು ಡೀಲರಿಗೆ ಇಮೇಲ್ ಮೂಲಕ ಕಳಿಸಿ, ಗಾಡಿ ಬಿಟ್ಟಾಗ ಜಾಬ್ ಕಾರ್ಡಿನಲ್ಲಿ ದೋಷದ ಜಾಗ, ಅಳತೆ, ಎರಡೂ ಮೈ ನುಣ್ಣಗಿದೆ ಎಂಬ ವಿವರ ಬರೆಸಿರಿ. ಗಾಜು ಒಡೆಯುವುದು ವಾರಂಟಿಗೆ ಒಳಪಡುವುದಿಲ್ಲ ಎಂದು ಹೇಳಿ ಕಳಿಸುವುದು ವಾಡಿಕೆ. ಆ ಮಾತು ಕಲ್ಲೇಟಿಗೆ ಸರಿ. ಹೊರಗಿನ ಪೆಟ್ಟಿಲ್ಲದೆ ಒಳಗೆ ಗುಳ್ಳೆಯಿರುವುದು, ಪದರ ಬಿಟ್ಟುಕೊಂಡು ಅಂಚು ಬಿಳಿಚುವುದು ತಯಾರಿಕೆಯ ದೋಷವೆಂಬ ಬೇರೆಯೇ ವರ್ಗ, ಅದಕ್ಕಾಗಿಯೇ ಟೇಪಿನ ಪರೀಕ್ಷೆಯನ್ನು ಸರ್ವೀಸ್ ಅಡ್ವೈಸರ್ ಎದುರೇ ಮಾಡಿ ತೋರಿಸಿರಿ. ಡೀಲರ್ ಮಟ್ಟದಲ್ಲಿ ಆಗದಿದ್ದರೆ ಕಾರು ಕಂಪನಿಗೆ ಬರೆಯಿರಿ, ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿ ಇದೆ.

ಕಲ್ಲೇಟಾದರೆ ವಿಮೆಯ ದಾರಿ. ಸಮಗ್ರ ವಿಮೆಯಲ್ಲಿ ಗಾಜಿನ ಬೆಲೆಗೆ ಸವಕಳಿ ಕಡಿತವಿಲ್ಲ, ಆದರೆ ಕಡ್ಡಾಯ ಕಡಿತದ ಮೊತ್ತ (1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ, ಅದಕ್ಕೆ ಮೇಲ್ಪಟ್ಟದ್ದಕ್ಕೆ 2000) ನಿಮ್ಮ ಪಾಲಿನದು, ಮತ್ತು ನೋ ಕ್ಲೇಮ್ ಬೋನಸ್ ರಕ್ಷಣೆ ಇಲ್ಲದಿದ್ದರೆ ಮುಂದಿನ ವರ್ಷದ ರಿಯಾಯಿತಿ ಹೋಗಬಹುದು. ಸಣ್ಣ ರಾಳದ ದುರಸ್ತಿಗೆ ಕ್ಲೇಮ್ ಮಾಡುವುದು ಹಾಗಾಗಿ ಲಾಭವಲ್ಲ. ಕ್ಲೇಮ್ ಮಾಡುವುದೇ ಆದರೆ ಸರ್ವೇಯರ್ ನೋಡುವ ಮೊದಲು ಗಾಜು ಬಿಚ್ಚಿಸಬೇಡಿ.

ಬದಲಾಯಿಸುವ ಮೊದಲು

ದೋಷ ಚಾಲಕನ ಎದುರಿಲ್ಲದಿದ್ದರೆ ಗಾಜು ಬದಲಾಯಿಸಿಕೊಡುತ್ತೇವೆಂದು ಅವರೇ ಹೇಳಿದರೂ ನಾನು ಎರಡು ಸಲ ಯೋಚಿಸುತ್ತೇನೆ. ಕಾರ್ಖಾನೆಯಲ್ಲಿ ಶುಚಿಯಾದ ಚೌಕಟ್ಟಿಗೆ ಅಳತೆ ತಪ್ಪದೆ ಹಾಕಿದ ಪಾಲಿಯುರೆಥೇನ್ ಅಂಟು ಗಾಜನ್ನು ಕಾರಿನ ಒಡಲಿನ ಭಾಗವಾಗಿಸಿರುತ್ತದೆ. ಅಪಘಾತದಲ್ಲಿ ಗಾಜು ಕಳಚದೆ ನಿಲ್ಲುವುದು, ಪಕ್ಕದವರ ಏರ್‌ಬ್ಯಾಗು ಉಬ್ಬುವಾಗ ಅದಕ್ಕೆ ಆಸರೆ ಸಿಗುವುದು ಆ ಅಂಟಿನ ಬಲದಿಂದ. ಅದನ್ನು ಕತ್ತರಿಸುವಾಗ ಚೌಕಟ್ಟಿನ ಬಣ್ಣಕ್ಕೆ ಗೀರು ಬಿದ್ದರೆ, ಅದರ ಮೇಲೆ ಪ್ರೈಮರ್ ಹಚ್ಚದೆ ಹೊಸ ಗಾಜು ಕೂರಿಸಿದರೆ, ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಮತ್ತು ಸೋರಿಕೆ ಎರಡೂ ಆರಂಭವಾಗುತ್ತವೆ. ಮೂಲೆಯಲ್ಲಿರುವ ಗಸಗಸೆಯಷ್ಟು ಗುಳ್ಳೆಗಾಗಿ ಆ ಅಂಟನ್ನು ಬಿಡಿಸುವುದು ನನಗೆ ಸರಿಯೆನಿಸುವುದಿಲ್ಲ. ಚಾಲಕನ ಎದುರಿಗೆ ಅಲೆಯಿದ್ದರೆ, ಪದರ ಬಿಡುತ್ತಿದ್ದರೆ, ಕ್ಯಾಮೆರಾದ ಎದುರಿಗೇ ದೋಷವಿದ್ದರೆ ಮಾತ್ರ ಹಿಂಜರಿಯಬೇಡಿ.

ಬದಲಾಯಿಸುವುದೆಂದು ನಿಶ್ಚಯವಾದರೆ ಹೊಸ ಗಾಜನ್ನು ಕೂರಿಸುವ ಮೊದಲೇ ಬೆಳಕಿಗೆ ಹಿಡಿಸಿ ನೋಡಿ, ಇಲ್ಲವಾದರೆ ಒಂದು ಗುಳ್ಳೆ ಹೋಗಿ ಇನ್ನೊಂದು ಬಂದೀತು. ಮಳೆಯ ಸೆನ್ಸರ್, ಶಬ್ದ ತಡೆಯುವ ಪದರ, ಗಾಜಿನ ಮೇಲೆ ವೇಗ ತೋರಿಸುವ ವ್ಯವಸ್ಥೆ ಇವುಗಳಿಗೆ ತಕ್ಕ ಗಾಜೇ ಬಂದಿದೆಯೇ ಎಂದು ಭಾಗದ ಸಂಖ್ಯೆಯಿಂದ ತಾಳೆ ನೋಡಿಸಿ. ಹಳೆಯ ಅಂಟು ಕತ್ತರಿಸಿದ ಮೇಲೆ ಚೌಕಟ್ಟನ್ನು ನೀವೇ ನೋಡಲು ಕೇಳಿ, ಬಣ್ಣ ಕಿತ್ತಲ್ಲಿ ಪ್ರೈಮರ್ ಹಚ್ಚಿಸಿ. ಹೊಸ ಅಂಟು ಬಲಗೊಳ್ಳಲು ಎಷ್ಟು ಗಂಟೆ ಬೇಕೆಂಬುದು ಅಂಟಿನ ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಅಷ್ಟು ಹೊತ್ತು ಕಾರು ಅಲ್ಲಿಯೇ ಇರಲಿ. ಮನೆಗೆ ತಂದ ಮೇಲೆ ಎರಡು ದಿನ ಒತ್ತಡದ ನೀರಿನಿಂದ ತೊಳೆಸಬೇಡಿ, ಬಾಗಿಲನ್ನು ಜೋರಾಗಿ ಹಾಕಬೇಡಿ, ಹಾಕುವಾಗ ಒಳಗಿನ ಗಾಳಿ ಹೊಸ ಅಂಟನ್ನು ದೂಡದಂತೆ ಒಂದು ಕಿಟಕಿಯನ್ನು ಬೆರಳಗಲ ಇಳಿಸಿಡಿ. ಕ್ಯಾಮೆರಾ ಇರುವ ಕಾರಾದರೆ ಅದನ್ನು ಮತ್ತೆ ಹೊಂದಿಸಿದ ದಾಖಲೆಯನ್ನು ಬಿಲ್ಲಿನೊಡನೆ ಪಡೆಯಿರಿ, ಇಲ್ಲವಾದರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ದೂರವನ್ನು ತಪ್ಪಾಗಿ ಅಳೆಯಬಹುದು. ಹೊಸ ಫಾಸ್ಟ್ಯಾಗ್‌ಗೂ ನೋಂದಣಿ ಸ್ಟಿಕ್ಕರಿಗೂ ಅಂದೇ ಅರ್ಜಿ ಹಾಕಿ, ಮೂರನೆಯ ದಿನ ಗಾಜಿನ ಮೇಲ್ಭಾಗಕ್ಕೆ ಪೈಪಿನಿಂದ ಮೆಲ್ಲಗೆ ನೀರು ಬಿಟ್ಟು, ಒಳಗೆ ಇನ್ನೊಬ್ಬರನ್ನು ಕೂರಿಸಿ, ಮೇಲಿನ ಮೂಲೆಗಳಿಂದ ಡ್ಯಾಶ್‌ಬೋರ್ಡಿನವರೆಗೆ ಒಣ ಟಿಶ್ಯೂ ಕಾಗದದಿಂದ ಮುಟ್ಟಿ ನೋಡಿಸಿ. ಕಾಗದ ಎಲ್ಲಿಯಾದರೂ ಒದ್ದೆಯಾದರೆ ಕಾರನ್ನು ಮರುದಿನವೇ ಹಿಂದಕ್ಕೆ ಒಯ್ಯಿರಿ.